ಚುಚ್ಚುಮದ್ದು ತಗೊಂಡ ಮರುದಿನ ಹೊಟ್ಟೆ ತೊಳಸುತ್ತದೆ, ನಿಲ್ಲಿಸಿಬಿಡಲೇ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಊರು ಕಾಪು. ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ, ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಟ. ಎತ್ತರ 158 ಸೆಂ.ಮೀ., ತೂಕ 94 ಕೆಜಿ ಇತ್ತು. ಬಿಪಿಗೆ ಟೆಲ್ಮಿಸಾರ್ಟಾನ್, ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತೇನೆ. ಎರಡು ತಿಂಗಳ ಹಿಂದೆ ನಮ್ಮ ಡಾಕ್ಟರು ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ (ಮೌಂಜಾರೊ) ಶುರು ಮಾಡಿದರು. ಮೊದಲ ನಾಲ್ಕು ವಾರ 2.5 ಮಿ.ಗ್ರಾಂ., ಏನೂ ತೊಂದರೆ ಇರಲಿಲ್ಲ. 5ಕ್ಕೆ ಏರಿಸಿ ಈಗ ಮೂರು ವಾರ. ಶುಕ್ರವಾರ ರಾತ್ರಿ ಚುಚ್ಚಿಕೊಂಡರೆ ಶನಿವಾರ, ಭಾನುವಾರ ಪೂರ್ತಿ ಹೊಟ್ಟೆ ತೊಳಸುತ್ತದೆ. ಕಳೆದ ಭಾನುವಾರ ಮದುವೆ ಊಟ ಮಾಡಿ ಬಂದು ಮೂರು ಸಲ ವಾಂತಿ ಆಯಿತು. ಮನೆಯಲ್ಲಿ ಮೀನು ಹುರಿದರೆ ಅಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ದುಬೈಯಲ್ಲಿರುವ ಅಕ್ಕನೂ ಇದೇ ಮದ್ದು ತಗೊಳ್ಳುವುದು. "ವಾಂತಿ ಆದರೆ ಮದ್ದು ಕೆಲಸ ಮಾಡ್ತಾ ಉಂಟು ಅಂತ ಅರ್ಥ. ಬರುವಾಗ ನನ್ನ 7.5ರ ಪೆನ್ ತರ್ತೇನೆ, ಅರ್ಧ ಬಾಕಿ ಉಂಟು" ಅನ್ನುತ್ತಾಳೆ. ಅತ್ತೆ "ಇಷ್ಟು ಕಷ್ಟ ಯಾಕೆ, ನಿಲ್ಲಿಸು" ಅನ್ನುತ್ತಾರೆ. ನಾನು ಮೆಡಿಕಲಿನಿಂದ ವಾಂತಿ ನಿಲ್ಲಿಸುವ ಡೊಂಪೆರಿಡೋನ್ ಮಾತ್ರೆ ತಂದು ದಿನಾ ನುಂಗುತ್ತಿದ್ದೇನೆ. 6 ಕೆಜಿ ಇಳಿದಿದೆ, ನಿಲ್ಲಿಸಲು ಮನಸ್ಸಿಲ್ಲ. ಮುಂದಿನ ತಿಂಗಳು ಅಣ್ಣನ ಮಗಳ ಮದುವೆ ಬೇರೆ. ಏನು ಮಾಡಲಿ?

ಉತ್ತರ: ನಿಲ್ಲಿಸಬೇಕಾಗಿಲ್ಲ. ಆದರೆ ಹೀಗೇ ಹಲ್ಲು ಕಚ್ಚಿಕೊಂಡು ಮುಂದುವರಿಸಲೂ ಬೇಡಿ. ಇವೆರಡರ ನಡುವೆ ಮಾಡಬಹುದಾದ್ದು ತುಂಬಾ ಇದೆ. ನಿಮ್ಮ ಪತ್ರ ಓದಿದರೆ ಅದರಲ್ಲಿ ಅರ್ಧ ಭಾಗವನ್ನು ಯಾರೂ ನಿಮಗೆ ಹೇಳಿಕೊಟ್ಟಂತೆ ಕಾಣುವುದಿಲ್ಲ. ಅದು ನಿಮ್ಮ ತಪ್ಪಲ್ಲ.

ಮೊದಲು ಅಕ್ಕನ ಮಾತು. ಅವರು ಪ್ರೀತಿಯಿಂದಲೇ ಹೇಳಿರಬಹುದು, ಆದರೆ ಅದು ಸರಿಯಲ್ಲ. ಇದೇ ಗುಂಪಿನ ಇನ್ನೊಂದು ಮದ್ದು ಸೆಮಾಗ್ಲುಟೈಡ್. ಅದರ ದೊಡ್ಡ ಪ್ರಯೋಗಗಳ ಲೆಕ್ಕವನ್ನು ಒಟ್ಟು ಸೇರಿಸಿ, ತೂಕ ಇಳಿದದ್ದರಲ್ಲಿ ವಾಕರಿಕೆ, ವಾಂತಿ, ಭೇದಿಯ ಪಾಲು ಎಷ್ಟು ಅಂತ ನೋಡಿದ್ದಾರೆ. ಅವುಗಳಿಂದ ಇಳಿದದ್ದು ದೇಹದ ತೂಕದ ಶೇಕಡಾ 1ಕ್ಕಿಂತಲೂ ಕಡಿಮೆ. ವಾಕರಿಕೆಯೇ ಇಲ್ಲದವರಿಗೂ ತೂಕ ಚೆನ್ನಾಗಿಯೇ ಇಳಿದಿತ್ತು. ಹಸಿವು ಕಡಿಮೆ ಆಗುವುದು ಮದ್ದಿನ ಕೆಲಸ. ವಾಂತಿ ಆಗುವುದು ಅದರ ಅಡ್ಡಪರಿಣಾಮ. ಎರಡೂ ಬೇರೆ ಬೇರೆ. ವಾಂತಿಯನ್ನು ಸಹಿಸಿಕೊಂಡರೆ ಹೆಚ್ಚು ಸಣ್ಣ ಆಗುತ್ತೇವೆ ಅನ್ನುವುದನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಬಿಡಿ. ಆ ನಂಬಿಕೆಯಿಂದಲೇ ಎಷ್ಟೋ ಜನ ಡಾಕ್ಟರಿಗೆ ಹೇಳದೆ ನರಳುತ್ತಾರೆ.

ಹಾಗಾದರೆ ಹೊಟ್ಟೆ ತೊಳಸುವುದು ಯಾಕೆ? ಊಟ ಮಾಡಿದ ಮೇಲೆ ನಮ್ಮ ಕರುಳು ತಾನಾಗಿಯೇ ಜಿಎಲ್‌ಪಿ-1 ಅನ್ನುವ ಹಾರ್ಮೋನನ್ನು ಬಿಡುತ್ತದೆ. "ಊಟ ಬಂತು, ಇನ್ನು ಸಾಕು" ಅಂತ ಮೆದುಳಿಗೆ ತಿಳಿಸುವುದು ಅದರ ಕೆಲಸಗಳಲ್ಲಿ ಒಂದು. ಅದು ರಕ್ತದಲ್ಲಿ ಉಳಿಯುವುದು ಬರೀ ಕೆಲವು ನಿಮಿಷ. ನೀವು ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಇದರ ಕೆಲಸವನ್ನೂ, ಜಿಐಪಿ ಅನ್ನುವ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಅದರ ಅರ್ಧದಷ್ಟು ದೇಹದಿಂದ ಹೋಗಬೇಕಾದರೇ ಸುಮಾರು 5 ದಿನ ಬೇಕು. ಅಂದರೆ ನಿಮ್ಮ ಮೆದುಳಿಗೆ ವಾರ ಪೂರ್ತಿ "ಸಾಕು, ಸಾಕು" ಅನ್ನುವ ಸಂದೇಶ ಹೋಗುತ್ತಲೇ ಇರುತ್ತದೆ. ಮೆದುಳಿನ ಬುಡದಲ್ಲಿ ಒಂದು ಚಿಕ್ಕ ಜಾಗ ಇದೆ. ರಕ್ತದಲ್ಲಿ ಏನಾದರೂ ವಿಷ ಸೇರಿದೆಯೇ ಅಂತ ನೋಡಿ, ಸೇರಿದ್ದರೆ ವಾಂತಿ ಮಾಡಿಸುವುದು ಅದರ ಕೆಲಸ. ಈ ಮದ್ದು ಆ ಜಾಗವನ್ನೂ ತಟ್ಟುತ್ತದೆ. ಇನ್ನೊಂದು ಕಡೆ, ಹೊಟ್ಟೆಯಲ್ಲಿದ್ದ ಆಹಾರ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ. ಬೆಳಿಗ್ಗೆ ತಿಂದ ಬನ್ಸು ಮಧ್ಯಾಹ್ನವೂ ಅಲ್ಲೇ ಕೂತಿರಬಹುದು. ಅದರ ಮೇಲೆ ನೀವು ಊಟ ಹಾಕುತ್ತೀರಿ.

ಒಳ್ಳೆಯ ಸಂಗತಿ ಏನೆಂದರೆ, ಹೊಟ್ಟೆ ನಿಧಾನವಾಗುವುದು ಶುರುವಿನಲ್ಲಿ ಜಾಸ್ತಿ, ಬರಬರುತ್ತಾ ಕಡಿಮೆ. ದೇಹ ಒಗ್ಗಿಕೊಳ್ಳುತ್ತದೆ. ಡೋಸ್ ಏರಿಸಿದಾಗ ಮತ್ತೆ ಸ್ವಲ್ಪ ದಿನ ಕಷ್ಟ, ಮತ್ತೆ ಒಗ್ಗಿಕೊಳ್ಳುತ್ತದೆ. ನಿಮಗೆ ಆಗುತ್ತಿರುವುದು ಇದೇ. 2022ರಲ್ಲಿ ಪ್ರಕಟವಾದ, 2,500ಕ್ಕೂ ಹೆಚ್ಚು ಜನರ ಮೇಲೆ ನಡೆದ ಟಿರ್ಜೆಪಟೈಡ್ ಪ್ರಯೋಗದಲ್ಲಿ 5 ಮಿ.ಗ್ರಾಂ. ತಗೊಂಡವರಲ್ಲಿ 100ಕ್ಕೆ ಸುಮಾರು 25 ಜನರಿಗೆ ವಾಕರಿಕೆ ಬಂದಿತ್ತು. ಬರೀ ಸುಳ್ಳು (ಮದ್ದೇ ಇಲ್ಲದ) ಇಂಜೆಕ್ಷನ್ ತಗೊಂಡವರಲ್ಲೂ 100ಕ್ಕೆ ಸುಮಾರು 10 ಜನರಿಗೆ ಬಂದಿತ್ತು. 5 ಮಿ.ಗ್ರಾಂ. ತಗೊಂಡವರಲ್ಲಿ ಅಡ್ಡಪರಿಣಾಮ ತಡೆಯಲಾರದೆ ಮದ್ದು ಬಿಟ್ಟವರು 100ಕ್ಕೆ 4ರಷ್ಟು ಮಾತ್ರ. ಹೆಚ್ಚಿನವರು ದಾಟಿಕೊಂಡರು.

ಈಗ ಊಟದ ವಿಷಯಕ್ಕೆ ಬರೋಣ. ನನ್ನ ಅನುಭವದಲ್ಲಿ ಹತ್ತು ಜನರಲ್ಲಿ ಏಳೆಂಟು ಜನರ ತೊಂದರೆ ಇರುವುದು ಇಲ್ಲೇ. ಹಸಿವು ಕಡಿಮೆ ಆಗಿರುತ್ತದೆ, ಆದರೆ ತಟ್ಟೆಗೆ ಹಾಕಿಕೊಳ್ಳುವ ಕೈ ಮೊದಲಿನದ್ದೇ. ನಮ್ಮ ಕಡೆಯಂತೂ ಬಡಿಸುವವರು ಬಿಡುವುದಿಲ್ಲ. ತಟ್ಟೆಯಲ್ಲಿ ಬಿಟ್ಟರೆ ತಪ್ಪು ಅಂತ ಚಿಕ್ಕಂದಿನಿಂದ ಕಲಿತಿದ್ದೇವೆ. ಹಾಗಾಗಿ ಹೊಟ್ಟೆ "ಸಾಕು" ಅಂದ ಮೇಲೂ ನಾಲ್ಕು ತುತ್ತು ಒಳಗೆ ಹೋಗುತ್ತದೆ. ಮೊದಲು ಆ ನಾಲ್ಕು ತುತ್ತಿನಿಂದ ಏನೂ ಆಗುತ್ತಿರಲಿಲ್ಲ. ಈಗ ವಾಂತಿ ಆಗುವುದು ಆ ನಾಲ್ಕು ತುತ್ತಿನಿಂದಲೇ.

ಅದಕ್ಕೆ ಹೀಗೆ ಮಾಡಿ. ಊಟದ ಬಟ್ಟಲನ್ನೇ ಬದಲಿಸಿ, ಮಕ್ಕಳ ತಟ್ಟೆಯಷ್ಟು ಚಿಕ್ಕದು ಸಾಕು. ಮೊದಲಿನ ಅರ್ಧ ಬಡಿಸಿಕೊಳ್ಳಿ. 20 ನಿಮಿಷ ಕೂತು ನಿಧಾನ ತಿನ್ನಿ. ಬ್ಯಾಂಕಿನಲ್ಲಿ ಅರ್ಧ ಗಂಟೆ ಬಿಡುವು, ಹತ್ತು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡುವ ಅಭ್ಯಾಸ ನಿಮಗೂ ಇರಬಹುದು, ಅದನ್ನು ಬಿಡಬೇಕು. ಊಟದ ನಡುವೆ ಒಂದು ತೇಗು, ಒಂದು ಬಿಕ್ಕಳಿಕೆ, ಅಥವಾ ಸುಮ್ನೆ ಒಂದು ದೊಡ್ಡ ಉಸಿರು ಬರುತ್ತದೆ. ತುಂಬಾ ಜನರಿಗೆ ಅದೇ ಹೊಟ್ಟೆ ತುಂಬಿದ ಗುರುತು. ಅಲ್ಲಿಗೆ ಊಟ ಮುಗಿಯಿತು. ತಟ್ಟೆಯಲ್ಲಿ ಉಳಿದಿದ್ದರೆ ಮುಚ್ಚಿಡಿ, ಎರಡು ಗಂಟೆ ಬಿಟ್ಟು ತಿನ್ನಬಹುದು.

ಹಾಗಂತ ಖಾಲಿ ಹೊಟ್ಟೆಯಲ್ಲೂ ಇರಬೇಡಿ. "ಹಸಿವೇ ಇಲ್ಲ" ಅಂತ ಬೆಳಿಗ್ಗೆ ಬರೀ ಚಹಾ ಕುಡಿದು ಬಸ್ ಹತ್ತಿದರೆ, ಪಡುಬಿದ್ರಿ ತಲುಪುವ ಮೊದಲೇ ಹುಳಿ ತೇಗು ಬಂದು ಸಂಕಟ ಶುರುವಾಗುತ್ತದೆ. ಎರಡು ನೀರುದೋಸೆ, ಒಂದು ಬೇಯಿಸಿದ ಮೊಟ್ಟೆ ಸಾಕು. ಮೊಟ್ಟೆ ಬೇಡದಿದ್ದರೆ ಸ್ವಲ್ಪ ಹೆಸರುಕಾಳಿನ ಉಸಲಿ. ಆಮೇಲೆ ದಿನದಲ್ಲಿ ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ.

ಎಣ್ಣೆ, ಕೊಬ್ಬು ಇರುವ ಆಹಾರ ಹೊಟ್ಟೆಯಿಂದ ಇಳಿಯುವುದು ಎಲ್ಲರಿಗೂ ನಿಧಾನವೇ. ಈ ಮದ್ದಿನ ಜೊತೆ ಸೇರಿದರೆ ಇನ್ನೂ ನಿಧಾನ. ನಮ್ಮ ಕರಾವಳಿಯ ರುಚಿಯೆಲ್ಲ ಇರುವುದು ತೆಂಗಿನಕಾಯಿಯ ಹಾಲಿನಲ್ಲಿ, ಕರಿದ ತಿಂಡಿಯಲ್ಲಿ. ಕೋರಿ ರೊಟ್ಟಿಯ ದಪ್ಪ ಗಸಿ, ಗೋಳಿಬಜೆ, ಬನ್ಸು, ರವಾ ಹಚ್ಚಿ ಹುರಿದ ಮೀನು, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಂ. ಇವನ್ನು ಜೀವನಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಚುಚ್ಚಿಕೊಂಡ ಮೊದಲ ಮೂರು ದಿನ, ಮತ್ತು ಡೋಸ್ ಏರಿಸಿದ ಮೊದಲ ಎರಡು ಮೂರು ವಾರ ದೂರ ಇಡಿ. ಆಮೇಲೂ ಎರಡು ತುಂಡು, ಎರಡು ಚಮಚ, ಅಷ್ಟರಲ್ಲಿ ಇರಲಿ.

ನಮ್ಮ ಕಡೆಯ ಅಡುಗೆಯಲ್ಲೇ ವಾಕರಿಕೆಗೆ ಹೇಳಿ ಮಾಡಿಸಿದಂಥ ಊಟವೂ ಇದೆ. ಕುಚ್ಚಲಕ್ಕಿ ಗಂಜಿ ಒಂದು ಬಟ್ಟಲು, ಸ್ವಲ್ಪ ಉಪ್ಪು. ಬರೀ ಗಂಜಿಯಲ್ಲಿ ಪ್ರೊಟೀನ್ ಕಡಿಮೆ, ತೂಕ ಇಳಿಯುವಾಗ ಪ್ರೊಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಆದ್ದರಿಂದ ಗಂಜಿಯ ಜೊತೆ ಹೆಸರುಕಾಳು, ಗಟ್ಟಿ ಮೊಸರು, ಮೊಟ್ಟೆಯ ಬಿಳಿ ಭಾಗ, ಏನಾದರೂ ಒಂದು ಇರಲಿ. ಅದನ್ನು ಮೊದಲು ತಿನ್ನಿ, ಗಂಜಿ ಆಮೇಲೆ. ತಿಮರೆ (ಒಂದೆಲಗ) ತಂಬುಳಿ, ಶುಂಠಿ ತಂಬುಳಿ ತಣ್ಣಗಿರುತ್ತದೆ, ಖಾರ ಇಲ್ಲ, ಹೊಟ್ಟೆಗೆ ಹಿತ. ಮೀನು ಬೇಕಿದ್ದರೆ ಕಾಣೆಯೋ ನಂಗೋ ತಂದು ಕಡಿಮೆ ಖಾರದಲ್ಲಿ ತೆಳು ಸಾರು ಮಾಡಿ. ಬೂತಾಯಿ, ಬಂಗುಡೆ ಒಳ್ಳೆಯ ಮೀನುಗಳೇ, ಆದರೆ ಎಣ್ಣೆಯಂಶ ಜಾಸ್ತಿ. ಅವು ವಾರದ ಕೊನೆಯ ದಿನಗಳಿಗೆ ಇರಲಿ.

ಮೀನು ಹುರಿಯುವ ವಾಸನೆ ತಡೆಯಲಾಗದು ಅಂದಿರಿ. ಅದು ನಿಮ್ಮ ಮನಸ್ಸಿನ ಕಲ್ಪನೆ ಅಲ್ಲ. ಮೊದಲೇ ಕೆರಳಿರುವ ಮೆದುಳಿನ ಆ ಜಾಗಕ್ಕೆ ವಾಸನೆ ಇನ್ನಷ್ಟು ಕಿರಿಕಿರಿ ಮಾಡುತ್ತದೆ. ಬಸುರಿಯರಿಗೆ ಆಗುವುದಿಲ್ಲವೇ, ಹಾಗೆಯೇ. ಆ ಎರಡು ಮೂರು ದಿನ ಒಲೆಯ ಮುಂದೆ ನೀವು ನಿಲ್ಲಬೇಡಿ, ಮನೆಯಲ್ಲಿ ಬೇರೆಯವರು ಅಡುಗೆ ಮಾಡಲಿ. ಇದನ್ನು ಅತ್ತೆಗೆ, ಗಂಡನಿಗೆ ಬಿಡಿಸಿ ಹೇಳಿ. ಬಿಸಿ ಆಹಾರಕ್ಕಿಂತ ತಣ್ಣಗಿನದಕ್ಕೆ ವಾಸನೆ ಕಡಿಮೆ. ಮೊಸರನ್ನ, ಆರಿದ ಗಂಜಿ, ಬಾಳೆಹಣ್ಣು ಒಳಗೆ ಹೋಗುತ್ತದೆ. ಶುಂಠಿಯ ತುಂಡು ಜಜ್ಜಿ ಹಾಕಿದ ಜೀರಿಗೆ ಕೊತ್ತಂಬರಿ ಕಷಾಯವನ್ನು ಗುಟುಕು ಗುಟುಕಾಗಿ ಕುಡಿಯಿರಿ. ವಾಕರಿಕೆಗೆ ಶುಂಠಿ ಒಳ್ಳೆಯದು ಅನ್ನುವುದು ಬರೀ ಅಜ್ಜಿ ಮದ್ದಲ್ಲ, ಬಸುರಿಯರ ವಾಕರಿಕೆಯ ಮೇಲೆ ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಶುಂಠಿಯನ್ನು ದಿನಾ ತುಂಬಾ ಸೇರಿಸಬಾರದು.

ಊಟ ಆದ ಕೂಡಲೇ ಮಲಗಬೇಡಿ, ಎರಡು ಮೂರು ಗಂಟೆ ಕಳೆಯಲಿ. ರಾತ್ರಿ ಊಟ ಏಳೂವರೆ ಎಂಟರೊಳಗೆ ಮುಗಿಸಿ. ಕಾಪುವಿಗೆ ತಲುಪುವುದೇ ತಡ ಆಗುತ್ತದೆ ಅಂದರೆ ಸಂಜೆ ಬ್ಯಾಂಕಿನಿಂದ ಹೊರಡುವ ಮೊದಲು ಮುಖ್ಯ ಊಟ ಮುಗಿಸಿ, ಮನೆಯಲ್ಲಿ ಬರೀ ಒಂದು ಲೋಟ ಮಜ್ಜಿಗೆ ಕುಡಿಯಿರಿ.

ಇನ್ನು ದಿನದ ಲೆಕ್ಕ. ಇದು ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ವಿಷಯ. ಟಿರ್ಜೆಪಟೈಡ್ ಚುಚ್ಚಿಕೊಂಡ ಮೇಲೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುವುದು 8ರಿಂದ 72 ಗಂಟೆಯೊಳಗೆ. ನೀವು ಚುಚ್ಚಿಕೊಳ್ಳುವುದು ಶುಕ್ರವಾರ ರಾತ್ರಿ. ಅಂದರೆ ಮದ್ದು ತುದಿಯಲ್ಲಿರುವುದು ಸರಿಯಾಗಿ ಶನಿವಾರ, ಭಾನುವಾರ. ನಮ್ಮಲ್ಲಿ ಮದುವೆ, ಗೃಹಪ್ರವೇಶ, ನೆಂಟರ ಊಟ ಎಲ್ಲ ಇರುವುದೂ ಅದೇ ಎರಡು ದಿನ! ರಜೆ ಇದೆ, ಸುಧಾರಿಸಿಕೊಳ್ಳಬಹುದು ಅಂತ ಶುಕ್ರವಾರ ಆರಿಸಿಕೊಂಡಿರುತ್ತೀರಿ. ಎಲ್ಲರೂ ಹಾಗೇ ಯೋಚಿಸುತ್ತಾರೆ. ಆದರೆ ವಾರದ ನಡುವೆ ನಿಮ್ಮ ಊಟ ನಿಮ್ಮ ಡಬ್ಬಿಯಲ್ಲಿ, ನಿಮ್ಮ ಕೈಯಲ್ಲಿ ಇರುತ್ತದೆ. ವಾರದ ಕೊನೆಯಲ್ಲಿ ಅದು ಬೇರೆಯವರ ಕೈಯಲ್ಲಿ.

ದಿನ ಬದಲಿಸಬಹುದು. ಎರಡು ಡೋಸ್‌ಗಳ ನಡುವೆ ಕನಿಷ್ಠ 3 ದಿನ ಇರಬೇಕು ಅನ್ನುವುದೊಂದೇ ನಿಯಮ. ನಿಮಗೆ ನಾನು ಹೇಳುವುದು ಇಷ್ಟು: ಮುಂದಿನ ಶುಕ್ರವಾರ ಚುಚ್ಚಿಕೊಳ್ಳಬೇಡಿ. ಅದರ ನಂತರದ ಸೋಮವಾರ ರಾತ್ರಿ ಚುಚ್ಚಿಕೊಳ್ಳಿ, ಆಮೇಲೆ ಪ್ರತಿ ಸೋಮವಾರ. ಒಂದು ಸಲ ಮಾತ್ರ ಮೂರು ದಿನ ತಡ ಆಗುತ್ತದೆ, ಅದರಿಂದ ಹೊಟ್ಟೆಗೂ ಸ್ವಲ್ಪ ಬಿಡುವು ಸಿಗುತ್ತದೆ. ನಿಮ್ಮ ಡಾಕ್ಟರಿಗೆ ಒಂದು ಮಾತು ತಿಳಿಸಿ ಮಾಡಿ. ಹೊಟ್ಟೆಗೆ ಚುಚ್ಚಿಕೊಂಡರೂ ತೊಡೆಗೆ ಚುಚ್ಚಿಕೊಂಡರೂ ರಕ್ತಕ್ಕೆ ಸೇರುವ ಮದ್ದು ಒಂದೇ. ಜಾಗ ಬದಲಿಸುತ್ತಾ ಇರಬೇಕು, ಅದು ಚರ್ಮ ಗಂಟು ಕಟ್ಟದಿರಲು.

ಡೋಸಿನ ಬಗ್ಗೆ. ನಾಲ್ಕು ವಾರ ಆದ ಕೂಡಲೇ ಏರಿಸಲೇಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ನಾಲ್ಕು ವಾರ ಅನ್ನುವುದು ಕನಿಷ್ಠ. ಅದಕ್ಕಿಂತ ಮೊದಲು ಏರಿಸಬಾರದು ಅಂತ ಅರ್ಥವೇ ಹೊರತು, ಅಷ್ಟಕ್ಕೆ ಏರಿಸಲೇಬೇಕು ಅಂತ ಅಲ್ಲ. 2.5 ಇರುವುದು ದೇಹಕ್ಕೆ ಅಭ್ಯಾಸ ಮಾಡಿಸಲು. 5 ಮಿ.ಗ್ರಾಂ. ಅನ್ನುವುದು ನಿಜವಾಗಿ ಕೆಲಸ ಮಾಡುವ ಡೋಸು. ಆಗಲೇ ಹೇಳಿದ ಆ ಪ್ರಯೋಗದಲ್ಲಿ 72 ವಾರ 5 ಮಿ.ಗ್ರಾಂ. ತಗೊಂಡವರ ತೂಕ ಸರಾಸರಿ ಶೇಕಡಾ 15ರಷ್ಟು ಇಳಿದಿತ್ತು. ನಿಮ್ಮ ಲೆಕ್ಕದಲ್ಲಿ ಅದು ಸುಮಾರು 14 ಕೆಜಿ. ಆದರೆ ಅವರಿಗೆ ಶುಗರ್ ಇರಲಿಲ್ಲ, ಶುಗರ್ ಇರುವವರಿಗೆ ಸ್ವಲ್ಪ ಕಡಿಮೆ ಇಳಿಯಬಹುದು. ನಿಮಗೆ ಏಳು ವಾರದಲ್ಲೇ 6 ಕೆಜಿ ಇಳಿದಿದೆ. ಹೀಗಿರುವಾಗ 7.5ಕ್ಕೆ ಹೋಗುವ ಅವಸರ ಏನು? ನನ್ನ ಕೈಯಲ್ಲಿದ್ದರೆ ಇನ್ನೂ ಎಂಟು ವಾರ 5ರಲ್ಲೇ ಇಡುತ್ತಿದ್ದೆ. ಇಷ್ಟೆಲ್ಲ ಮಾಡಿದ ಮೇಲೂ ವಾಂತಿ ನಿಲ್ಲದಿದ್ದರೆ ಮತ್ತೆ 2.5ಕ್ಕೆ ಇಳಿಸಿ, ಒಂದು ತಿಂಗಳು ಬಿಟ್ಟು ಏರಿಸುವುದು. ಹಿಂದೆ ಬಂದರೆ ಸೋತಂತೆ ಅಲ್ಲ. ತೂಕ ತೀರಾ ಬೇಗ ಇಳಿಯುವುದೂ ಒಳ್ಳೆಯದಲ್ಲ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಜಾಸ್ತಿ.

ಅಕ್ಕನ ಪೆನ್ ಬೇಡವೇ ಬೇಡ. ಈ ಮಾತಿನಲ್ಲಿ ನಾನು ತುಂಬಾ ಗಟ್ಟಿ. ಒಬ್ಬರು ಉಪಯೋಗಿಸಿದ ಪೆನ್ನನ್ನು ಇನ್ನೊಬ್ಬರು ಉಪಯೋಗಿಸಬಾರದು, ಹೊಸ ಸೂಜಿ ಹಾಕಿದರೂ ಬಾರದು. ಚುಚ್ಚುವಾಗ ರಕ್ತದ ಅಂಶ ಪೆನ್ನಿನ ಒಳಗಿನ ಮದ್ದಿಗೆ ಸೇರಿಕೊಳ್ಳಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ಹೆಪಟೈಟಿಸ್‌ನಂಥ ಸೋಂಕು ಹರಡಲು ಅಷ್ಟು ಸಾಕು, ಅಕ್ಕ ತಂಗಿ ಆದರೂ ಅಷ್ಟೇ. ಇನ್ನು ಈ ಮದ್ದನ್ನು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು, ಆದರೆ ಹೆಪ್ಪುಗಟ್ಟಬಾರದು. ವಿಮಾನದ ಸಾಮಾನಿನಲ್ಲಿ, ಆಮೇಲೆ ನಮ್ಮ ಸೆಕೆಯಲ್ಲಿ ಕಾರಿನಲ್ಲಿ, ಎಲ್ಲಿ ಎಷ್ಟು ಹೊತ್ತು ಇತ್ತೋ ಯಾರು ಹೇಳುತ್ತಾರೆ? ಟಿರ್ಜೆಪಟೈಡ್ 2025ರ ಮಾರ್ಚ್‌ನಿಂದ ನಮ್ಮ ದೇಶದಲ್ಲೇ ಸಿಗುತ್ತಿದೆ. ಹೊರಗಿನಿಂದ ತರಿಸುವ ಅಗತ್ಯವೇ ಇಲ್ಲ.

ಡೊಂಪೆರಿಡೋನ್ ದಿನಾ ನುಂಗುವುದನ್ನು ಇವತ್ತೇ ನಿಲ್ಲಿಸಿ. ನಮ್ಮಲ್ಲಿ ಗ್ಯಾಸಿನ ಮಾತ್ರೆಯ ಜೊತೆ ಸೇರಿಸಿ ಕೊಡುವುದರಿಂದ ಅದು ತೀರಾ ಸಾಧು ಮಾತ್ರೆ ಅಂತ ಜನ ತಿಳಿದಿದ್ದಾರೆ. ಜಾಸ್ತಿ ಡೋಸಿನಲ್ಲಿ, ಜಾಸ್ತಿ ದಿನ ತಗೊಂಡರೆ ಕೆಲವರಿಗೆ ಹೃದಯದ ಬಡಿತದ ಲಯ ತಪ್ಪಬಹುದು. ಕೆಲವು ಆಂಟಿಬಯೋಟಿಕ್, ಫಂಗಸ್ ಮಾತ್ರೆಗಳ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಯುರೋಪಿನಲ್ಲಿ ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡಬೇಡಿ ಅಂತ 2014ರಲ್ಲೇ ಹೇಳಿದ್ದಾರೆ. ತೀರಾ ಕಷ್ಟ ಆದ ದಿನ ನಿಮ್ಮ ಡಾಕ್ಟರು ಒಂದೆರಡು ಮಾತ್ರೆ ಬರೆದುಕೊಡಬಹುದು, ಅದು ಬೇರೆ. ಕೆಲವರು ಒಂಡನ್‌ಸೆಟ್ರಾನ್ ತಗೊಳ್ಳುತ್ತಾರೆ. ಅದು ವಾಂತಿ ನಿಲ್ಲಿಸುತ್ತದೆ, ಆದರೆ ಮಲಬದ್ಧತೆ ಮಾಡುತ್ತದೆ.

ಮಲಬದ್ಧತೆ ಅಂದೆ. ನೀವು ಅದರ ಬಗ್ಗೆ ಏನೂ ಬರೆದಿಲ್ಲ, ನಾಚಿಕೆಯಿಂದ ಬಿಟ್ಟಿರಲೂಬಹುದು. ಈ ಮದ್ದು ಕರುಳನ್ನೂ ನಿಧಾನ ಮಾಡುತ್ತದೆ. ಊಟ ಕಡಿಮೆ, ನೀರು ಕಡಿಮೆ, ಹೊಟ್ಟೆ ಗಟ್ಟಿ. ಮೂರು ದಿನ ಹೊಟ್ಟೆ ಖಾಲಿ ಆಗದಿದ್ದರೆ ಕೆಳಗಿನ ದಾರಿ ಕಟ್ಟಿದಂತೆ, ಮೇಲೆ ವಾಕರಿಕೆ ಬಂದೇ ಬರುತ್ತದೆ. ನನ್ನಲ್ಲಿಗೆ ಬಂದ ಎಷ್ಟೋ ಜನರಿಗೆ ವಾಂತಿಯ ಮಾತ್ರೆ ಕೊಡದೆ ಬರೀ ಮಲಬದ್ಧತೆ ಸರಿಮಾಡಿದ್ದಕ್ಕೇ ವಾಕರಿಕೆ ಹೋಗಿದೆ. ಬಸಳೆ, ಹರಿವೆ, ಪಪ್ಪಾಯಿ ತಿನ್ನಿ. ಸಾಲದಿದ್ದರೆ ರಾತ್ರಿ ಒಂದು ಚಮಚ ಇಸಬ್‌ಗೋಲ್, ಅದರ ಜೊತೆ ಒಂದು ದೊಡ್ಡ ಲೋಟ ನೀರು ಕಡ್ಡಾಯ. ಊಟದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ನಡೆಯಿರಿ.

ಎಲ್ಲ ತಪ್ಪನ್ನೂ ಇಂಜೆಕ್ಷನ್ ಮೇಲೆ ಹಾಕುವುದೂ ಸರಿಯಲ್ಲ. ಮೆಟ್‌ಫಾರ್ಮಿನ್ ಕೂಡ ವಾಕರಿಕೆ ತರುತ್ತದೆ. ನೀವು ಸಾದಾ ಮಾತ್ರೆ ತಗೊಳ್ಳುತ್ತಿದ್ದರೆ ನಿಧಾನವಾಗಿ ಕರಗುವ ಮಾತ್ರೆಗೆ ಬದಲಿಸಬಹುದೇ ಅಂತ ಕೇಳಿ, ಊಟದ ಜೊತೆಯೇ ತಗೊಳ್ಳಿ. ತೂಕ ಇಳಿದಂತೆ ಅದರ ಡೋಸೂ ಕಡಿಮೆ ಆಗಬಹುದು. ಬಸ್ಸೂ ಒಂದು ಕಾರಣ. ಎಕ್ಸ್‌ಪ್ರೆಸ್ ಬಸ್ಸಿನ ಓಟ, ಬ್ರೇಕು ನಿಮಗೂ ಗೊತ್ತು. ಹಿಂದಿನ ಸೀಟು ಬೇಡ. ಮುಂದೆ ಕಿಟಕಿ ಪಕ್ಕ ಕೂತು ದೂರ ನೋಡಿ, ಫೋನ್ ಚೀಲದಲ್ಲಿ ಇರಲಿ. ಮತ್ತೊಂದು ವಿಷಯ, 43ರಲ್ಲೂ ಮುಟ್ಟು ತಪ್ಪಿದ್ದರೆ ಮೊದಲು ಗರ್ಭದ ಪರೀಕ್ಷೆ ಮಾಡಿಕೊಳ್ಳಿ. ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಟಿರ್ಜೆಪಟೈಡ್ ಶುರುವಾದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಆ ಮಾತ್ರೆ ಸರಿಯಾಗಿ ಹಿಡಿಯದೇ ಇರಬಹುದು, ಆಗ ಕಾಂಡೋಮ್ ಬೇಕು. ಗರ್ಭಿಣಿಯಾದರೆ ಈ ಇಂಜೆಕ್ಷನ್ ಮುಂದುವರಿಸಬಾರದು.

ನೀರಿನ ವಿಷಯದಲ್ಲಿ ನನಗೆ ನಿಜವಾಗಿ ಭಯ ಇದೆ. ಕಳೆದ ಸೆಕೆಗಾಲದಲ್ಲಿ ಐವತ್ತು ದಾಟಿದ ಒಬ್ಬರು ಬಂದಿದ್ದರು. ಇದೇ ಗುಂಪಿನ ಮದ್ದು. ಮೂರು ದಿನ ವಾಂತಿ, ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಆದರೂ ಬಿಪಿ ಮಾತ್ರೆ ತಪ್ಪಬಾರದು ಅಂತ ದಿನಾ ನುಂಗಿದ್ದರು. ಬರುವಾಗ ಎದ್ದು ನಿಂತರೆ ಕಣ್ಣು ಕತ್ತಲೆ, ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಡ್ರಿಪ್ ಹಾಕಿ ಎರಡು ದಿನ ಇಟ್ಟುಕೊಂಡ ಮೇಲೆ ಸರಿಹೋದರು. ಟೆಲ್ಮಿಸಾರ್ಟಾನ್‌ನಂಥ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಶುಗರಿನ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಇವೆಲ್ಲ ಒಳ್ಳೆಯ ಮಾತ್ರೆಗಳೇ. ಆದರೆ ವಾಂತಿ ಭೇದಿಯಿಂದ ದೇಹ ಒಣಗಿರುವ ದಿನ ಇವು ಕೆಡುಕು ಮಾಡಬಹುದು. ಅಂಥ ದಿನ ಡಾಕ್ಟರಿಗೆ ಫೋನ್ ಮಾಡಿ, ಇವತ್ತು ಯಾವ ಮಾತ್ರೆ ಬಿಡಬೇಕು ಅಂತ ಕೇಳಿ. ನೋವಿನ ಮಾತ್ರೆಗಳನ್ನಂತೂ ಮುಟ್ಟಲೇಬೇಡಿ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಬಿಪಿ ನೋಡಿಸಿ.

ದಿನಾ ಎರಡು ಲೀಟರಿನಷ್ಟು ನೀರು ಒಳಗೆ ಹೋಗಲಿ, ಊಟದ ಜೊತೆ ಅಲ್ಲ, ಊಟಗಳ ನಡುವೆ, ಗುಟುಕು ಗುಟುಕಾಗಿ. ಒಂದೇ ಸಲ ಅರ್ಧ ಲೀಟರ್ ಕುಡಿದರೆ ಅದೂ ಹೊರಗೆ ಬರುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿತಿಳಿ, ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ ಪಾನಕ ಎಲ್ಲ ನಡೆಯುತ್ತದೆ. ಸೀಯಾಳ ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಮ್ ಜಾಸ್ತಿ, ಸೋಡಿಯಂ ಕಡಿಮೆ. ಟೆಲ್ಮಿಸಾರ್ಟಾನ್ ತಗೊಳ್ಳುವವರಿಗೂ ಕಿಡ್ನಿ ತೊಂದರೆ ಇರುವವರಿಗೂ ದಿನಕ್ಕೆ ಮೂರು ನಾಲ್ಕು ಸೀಯಾಳ ಬೇಡ, ಒಂದು ಸಾಕು. ವಾಂತಿ ಆದ ದಿನ ಓಆರ್‌ಎಸ್ ಪುಡಿಯನ್ನೇ ತನ್ನಿ, ಪ್ಯಾಕೆಟಿನಲ್ಲಿ ಬರೆದಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಪೊಟ್ಟಣದ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ತಿಳಿಯಬೇಡಿ. ಆ ಹೆಸರು ಹಾಕಿಕೊಂಡು ಮಾರಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ.

ಯಾವಾಗ ಕಾಯಬಾರದು ಅನ್ನುವುದನ್ನು ಮನೆಯವರಿಗೂ ಓದಿ ಹೇಳಿ. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ಜೋರು ನೋವು, ಅದು ಬೆನ್ನಿಗೆ ಹೋಗುತ್ತಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಂಡಿರಬಹುದು. ಬಲಪಕ್ಕೆಯ ಕೆಳಗೆ ನೋವು, ಜ್ವರ, ಕಣ್ಣು ಹಳದಿ ಆದರೆ ಪಿತ್ತಕೋಶದ ತೊಂದರೆ. ಒಂದು ದಿನ ಪೂರ್ತಿ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಂಟು ಗಂಟೆಯಿಂದ ಮೂತ್ರ ಬರದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಬಣ್ಣ ಕಂಡರೆ, ಹೊಟ್ಟೆ ಉಬ್ಬಿ ಗ್ಯಾಸೂ ಹೋಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾಕರಿಕೆಯ ಜೊತೆ ಎದೆ ಬಿಗಿತ, ಬೆವರು, ದವಡೆ ಅಥವಾ ಎಡಗೈ ನೋವು ಇದ್ದರೆ ಅದು ಇಂಜೆಕ್ಷನ್ ಅಲ್ಲ, ಹೃದಯ ಅಂತಲೇ ತಿಳಿಯಬೇಕು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಹೃದಯಾಘಾತ ಕೆಲವೊಮ್ಮೆ ಬರೀ ವಾಕರಿಕೆಯಾಗಿಯೇ ಬರುತ್ತದೆ. 108ಕ್ಕೆ ಫೋನ್ ಮಾಡಿ. ಮಣಿಪಾಲವೋ ಮಂಗಳೂರೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಇಂಜೆಕ್ಷನ್ ತಗೊಳ್ಳುತ್ತಿದ್ದೇನೆ ಅಂತ ಅಲ್ಲಿ ಮೊದಲೇ ಹೇಳಿ. ಮುಂದೆ ಯಾವುದಾದರೂ ಆಪರೇಷನ್, ಎಂಡೋಸ್ಕೋಪಿ ಇದ್ದರೂ ಹೇಳಬೇಕು, ಹೊಟ್ಟೆಯಲ್ಲಿ ಆಹಾರ ಉಳಿದಿರುತ್ತದೆ.

ಈಗ ಅಣ್ಣನ ಮಗಳ ಮದುವೆ. ಸೋಮವಾರಕ್ಕೆ ದಿನ ಬದಲಿಸಿದರೆ, ಭಾನುವಾರದ ಮದುವೆ ಆರನೆಯ ದಿನಕ್ಕೆ ಬರುತ್ತದೆ. ಆಗ ಮದ್ದು ಇಳಿಮುಖದಲ್ಲಿರುತ್ತದೆ, ನಿಮಗೆ ವಾರದಲ್ಲಿ ಅತ್ಯಂತ ಹಗುರದ ದಿನ ಅದೇ. ಮದುವೆಗೆ ಮೂರು ವಾರ ಇರುವಾಗಿನಿಂದ ಡೋಸ್ ಬದಲಿಸಬೇಡಿ. ಬೆಳಿಗ್ಗೆ ಮನೆಯಲ್ಲೇ ಒಂದು ಬಟ್ಟಲು ಗಂಜಿಯೋ ಎರಡು ಇಡ್ಲಿಯೋ ತಿಂದು ಹೊರಡಿ, ಹಾಲ್‌ನಲ್ಲಿ ಕರಿದ ತಿಂಡಿಯ ತಟ್ಟೆ ಬಂದರೆ ಬೇಡ ಅನ್ನಿ. ಊಟಕ್ಕೆ ಬೇಗದ ಪಂಕ್ತಿಯಲ್ಲಿ ಕೂರಿ. ಮದುಮಗಳ ಅತ್ತೆ ನೀವು, ಎಲ್ಲರೂ ಉಂಡ ಮೇಲೆ ಮೂರು ಗಂಟೆಗೆ ಹಸಿದು ಕೂತರೆ ಬೇಗ ಬೇಗ ತಿಂದುಬಿಡುತ್ತೀರಿ. ಎಲೆಯಲ್ಲಿ ಮೊದಲು ಪಲ್ಯ, ತೊವ್ವೆ, ಆಮೇಲೆ ಒಂದು ಹಿಡಿ ಅನ್ನ ಸಾರು. ಹೋಳಿಗೆ ಬೇಕು ಅನಿಸಿದರೆ ಕಾಲು ಭಾಗ, ತುಪ್ಪ ಇಲ್ಲದೆ. ಬಡಿಸುವವರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. "ಗ್ಯಾಸ್ಟ್ರಿಕ್ ಉಂಟು, ಡಾಕ್ಟರು ಬೇಡ ಅಂದಿದ್ದಾರೆ" ಅನ್ನಿ, ಆ ಮಾತು ನಮ್ಮ ಊರಿನಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಪಾಯಸದ ಬದಲು ಮಜ್ಜಿಗೆ ಕೇಳಿ. ಕೈಚೀಲದಲ್ಲಿ ಒಂದು ಓಆರ್‌ಎಸ್ ಪ್ಯಾಕೆಟ್, ಒಂದು ತುಂಡು ಒಣಶುಂಠಿ ಇಟ್ಟುಕೊಂಡಿರಿ.

ಅದಕ್ಕೆ ಮೊದಲು ನಿಮ್ಮ ಡಾಕ್ಟರನ್ನು ಒಮ್ಮೆ ಕಂಡು ಬನ್ನಿ. ಯಾವ ದಿನ ಎಷ್ಟು ವಾಕರಿಕೆ, ಏನು ತಿಂದಿದ್ದಿರಿ, ಹೊಟ್ಟೆ ಖಾಲಿ ಆಯಿತೇ ಅಂತ ಎರಡು ವಾರ ಒಂದು ಪುಸ್ತಕದಲ್ಲಿ ಬರೆದು ತಗೊಂಡು ಹೋಗಿ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಮ್ ಪರೀಕ್ಷೆ ಒಮ್ಮೆ ಆಗಲಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡುಲರಿ ಕ್ಯಾನ್ಸರ್ ಆಗಿತ್ತೇ, ನಿಮಗೆ ಹಿಂದೆ ಯಾವತ್ತಾದರೂ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತೇ ಅಂತ ಅವರು ಕೇಳಿಲ್ಲದಿದ್ದರೆ ನೀವೇ ಹೇಳಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಕಷ್ಟ ನೋಡಲಾರದೆ ಅವರು ನಿಲ್ಲಿಸು ಅನ್ನುತ್ತಿದ್ದಾರೆ. ಡಾಕ್ಟರ ಬಾಯಿಂದಲೇ ಎಲ್ಲ ಕೇಳಿದರೆ, ಸೋಮವಾರ ರಾತ್ರಿ ನಿಮಗೆ ಗಂಜಿ ಬೇಯಿಸಿಡುವವರು ಅವರೇ ಆಗಿರುತ್ತಾರೆ.